ದಂಡದ ರಸೀದಿ ಬಿಟ್ಟು ಪರವಾನಿಗೆ ಕಡತ ಹಿಡಿದೆವು: ಶಾಲೆ ಸುತ್ತಲಿನ ತಂಬಾಕು ಅಂಗಡಿಗಳು, ನನ್ನ ಅನುಭವ

ಶಾಲೆ ಆಸುಪಾಸಿನಲ್ಲಿ ಬೀಡಿ ಸಿಗರೇಟು ನಿಲ್ಲಿಸುವುದು ಕರಾವಳಿಯಲ್ಲಿ ಆಗುವ ಹೋಗುವ ಮಾತಲ್ಲ ಎಂದು ನಮ್ಮವರೇ ಹೇಳುತ್ತಿದ್ದರು. ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಊರು, ಬಸ್‌ಸ್ಟಾಪಿಗೊಂದು ಗೂಡಂಗಡಿ, ಯಾರು ಕೇಳ್ತಾರೆ ಎಂದು. ಉಡುಪಿ ಸುತ್ತಲಿನ ನಮ್ಮ ವ್ಯಾಪ್ತಿಯಲ್ಲಿ ಶಾಲೆ ಕಾಲೇಜುಗಳ ಹತ್ತಿರ ಪಟ್ಟಿ ಮಾಡಿದ್ದು ಸುಮಾರು 60 ಅಂಗಡಿ. ಈಗ ಅದರಲ್ಲಿ ತಂಬಾಕು ಉಳಿದಿರುವುದು ಏಳೋ ಎಂಟೋ ಕಡೆ. ದಾಳಿ ಹೆಚ್ಚು ಮಾಡಿ ಬಂದ ಫಲ ಅಲ್ಲ ಇದು. ದಾಳಿ ಅರ್ಧಕ್ಕರ್ಧ ಕಡಿಮೆ ಮಾಡಿದ ಮೇಲೆ ಬಂದದ್ದು.

ಕೋಟ್ಪಾ 2003, ಅಂದರೆ ಸಿಗರೇಟು ಮತ್ತು ಇತರ ತಂಬಾಕು ಉತ್ಪನ್ನಗಳ ಕಾಯ್ದೆ, ಅದರ ದಂಡದ ಪುಸ್ತಕ ಹಿಡಿದು ತಿರುಗಿದವರಿಗೆ ಹಳೆಯ ಕಥೆ ಗೊತ್ತೇ ಇದೆ. ವಯಸ್ಸು ತುಂಬದವರಿಗೆ ಮಾರಿದರೂ ಶಾಲೆಯ ಹತ್ತಿರ ಮಾರಿದರೂ ಸೆಕ್ಷನ್ 6, ಅದಕ್ಕೆ ಹೆಚ್ಚೆಂದರೆ 200 ರೂಪಾಯಿ. ಅಂಗಡಿಯವನು ಗಲ್ಲಾಪೆಟ್ಟಿಗೆಯಿಂದ ತೆಗೆದು ಕೊಡುತ್ತಾನೆ, ಜೀಪು ತಿರುವು ದಾಟುವ ಮೊದಲೇ ಡಬ್ಬ ಮತ್ತೆ ಮೇಲೆ ಬರುತ್ತದೆ. ಒಂದು ದಿನದ ದಾಳಿಗೆ ಡೀಸೆಲ್, ಚಾಲಕ, ಇಬ್ಬರು ಸಿಬ್ಬಂದಿ, ಒಬ್ಬ ಪೊಲೀಸ್ ಸೇರಿ ಎರಡೂವರೆ ಸಾವಿರಕ್ಕೆ ಕಡಿಮೆ ಇಲ್ಲ. ಬಂದ ದಂಡ ಒಳ್ಳೆಯ ದಿನ 1,800. 2025ರ ಮೇ ಕೊನೆಗೆ ಕರ್ನಾಟಕದ ತಿದ್ದುಪಡಿ ಜಾರಿಗೆ ಬಂದು ದಂಡ 1,000ಕ್ಕೆ ಏರಿತು, ಕೊಳ್ಳುವವರ ವಯಸ್ಸು 18ರಿಂದ 21 ಆಯಿತು, ಪ್ಯಾಕು ಒಡೆದು ಒಂದೊಂದೇ ಕೊಡುವ ಬಿಡಿ ಮಾರಾಟವೂ ಕಾಯ್ದೆಯೊಳಗೇ ನಿಷೇಧವಾಯಿತು. ಆದರೂ ಮೊದಲ ಮೂರು ತಿಂಗಳು ವ್ಯತ್ಯಾಸ ಅಷ್ಟಕ್ಕಷ್ಟೆ. ಸಾವಿರ ಕೊಡುವವನು ಚೌಕಾಸಿ ಮಾಡುತ್ತಾನೆ, ಮಾರುವುದು ಬಿಡುವುದಿಲ್ಲ.

ಬದಲಿಸಿದ್ದು ಒಂದೇ. ಉದ್ದಿಮೆ ಪರವಾನಿಗೆ ಮಾರ್ಚ್ 31ಕ್ಕೆ ಮುಗಿಯುತ್ತದೆ, ಜನವರಿಯಿಂದ ನವೀಕರಣದ ಅರ್ಜಿ ಬರಲು ಶುರು. ಆ ಮೇಜಿನ ಮೇಲೆ, ಪ್ರತಿ ಶಾಲೆಯ ಸುತ್ತ ತಂಬಾಕು ಮಾರಬಾರದ 100 ಮೀಟರಿನ ವೃತ್ತ ಗುರುತಿಸಿದ ನಕ್ಷೆ ಇಟ್ಟೆವು. ವೃತ್ತದೊಳಗಿನ ಅಂಗಡಿಯ ಪರವಾನಿಗೆ ತಡೆಯಲಿಲ್ಲ. ಅದರಲ್ಲಿ ‘ತಂಬಾಕು ಉತ್ಪನ್ನ’ ಎಂಬ ಸಾಲನ್ನು ಮಾತ್ರ ಹೊಡೆದು ಹಾಕಿ ಉಳಿದದ್ದಕ್ಕೆ ಕೊಟ್ಟೆವು. ಬಾಳೆಹಣ್ಣು, ಸೋಡಾ, ಬಿಸ್ಕತ್ತು ಎಂದಿನಂತೆ. ಮತ್ತೆ ತಂಬಾಕು ಸಿಕ್ಕಿದರೆ ಷರತ್ತು ಉಲ್ಲಂಘನೆ, ಇಡೀ ಪರವಾನಿಗೆಗೇ ನೋಟಿಸು. ಸಾವಿರ ರೂಪಾಯಿಗೆ ಹೆದರದವನು ಅಂಗಡಿ ಮುಚ್ಚುವುದಕ್ಕೆ ಹೆದರುತ್ತಾನೆ. ಬ್ಯಾಂಕ್ ಸಾಲಕ್ಕೂ ಕರೆಂಟಿನ ಮೀಟರಿಗೂ ಅವನಿಗೆ ಅದೇ ಕಾಗದ ಬೇಕು.

ಅಳತೆಯಲ್ಲಿ ನಾವು ತಪ್ಪಿದ್ದೇ ಹೆಚ್ಚು, ಆದ್ದರಿಂದ ಇದನ್ನು ಬಿಡಿಸಿ ಬರೆಯುತ್ತೇನೆ. ಹಿಂದೆ 100 ಗಜ, ಅಂದರೆ 91.44 ಮೀಟರ್, ಈಗ ನಮ್ಮಲ್ಲಿ 100 ಮೀಟರ್. ಹಳೆಯ ಪಟ್ಟಿಯಲ್ಲಿ ಗೆರೆಯ ಹೊರಗಿದ್ದ ನಾಲ್ಕೈದು ಅಂಗಡಿ ಹೊಸದರಲ್ಲಿ ಒಳಗೆ ಬಂದವು. ಅಳೆಯಬೇಕಾದದ್ದು ಶಾಲೆಯ ಗೇಟಿನಿಂದಲ್ಲ, ಕಂಪೌಂಡಿನ ಹೊರ ಅಂಚಿನಿಂದ. ರಸ್ತೆಯ ಮೇಲಲ್ಲ, ನೇರ ಗೆರೆಯಲ್ಲಿ. ಮೊದಲ ವರ್ಷ ಟೇಪು ಹಿಡಿದು ಗೇಟಿನಿಂದ ರಸ್ತೆಗುಂಟ ಅಳೆದೆವು. ‘ಇದು ನೂರಾ ನಲ್ವತ್ತು ಮೀಟರ್ ಮಾರಾಯ್ರೆ’ ಎಂದು ಅಂಗಡಿಯವರು ನಮ್ಮ ಟೇಪನ್ನೇ ನಮಗೆ ತೋರಿಸಿದರು. ಅದೇ ಜಾಗವನ್ನು ಈಗ ಹೀಗೆ ನೋಡುತ್ತೇವೆ: ಕಂಪೌಂಡಿನ ಮೂಲೆಯಿಂದ ರಸ್ತೆ 80 ಮೀಟರ್ ನೇರ, ಅಲ್ಲಿಂದ ಲಂಬವಾಗಿ ಬಲಕ್ಕೆ 60 ಮೀಟರ್. ನಡೆದರೆ 140. ಎರಡರ ವರ್ಗ ಕೂಡಿಸಿ ಮೂಲ ತೆಗೆದರೆ ಸರಿಯಾಗಿ 100. ತೆಂಗಿನ ತೋಟ, ಮನೆಯಂಗಳ ದಾಟಿ ಟೇಪು ಎಳೆಯಲಾಗದ ಕಡೆಯೆಲ್ಲ ಈ ಲೆಕ್ಕ ಸಾಕು.

ಕ್ರಮ ಹೀಗೆ. ಉಪಗ್ರಹ ಚಿತ್ರದಲ್ಲಿ ಕಂಪೌಂಡಿನ ಸುತ್ತ ಗೆರೆ ಎಳೆದು ಅದರಿಂದ 100 ಮೀಟರ್ ಹೊರಗೆ ಇನ್ನೊಂದು ಗೆರೆ ತೆಗೆಯಿರಿ. 85 ಮೀಟರಿನ ಒಳಗಿರುವುದಕ್ಕೆ ಚಿತ್ರವೇ ಸಾಕು. 85ರಿಂದ 115ರ ನಡುವೆ ಬಿದ್ದದ್ದನ್ನು ಮಾತ್ರ 30 ಮೀಟರ್ ಟೇಪಿನಲ್ಲಿ ಇಬ್ಬರು ಸೇರಿ ಎರಡು ಸಲ ಅಳೆಯಿರಿ. ಮೊಬೈಲಿನ ಜಿಪಿಎಸ್ ನಂಬಬೇಡಿ. ಮರದಡಿಯಲ್ಲಿ ನಿಂತಲ್ಲೇ 10 ಮೀಟರ್ ಆಚೀಚೆ ತೋರಿಸಿದ್ದನ್ನು ನೋಡಿದ್ದೇವೆ. ಯಾವ ಕಂಬದಿಂದ, ಯಾವ ಮೂಲೆಯಿಂದ ಹಿಡಿದಿರಿ ಎಂಬುದು ಮಹಜರಿನಲ್ಲಿ ಬರಲಿ. ನಮ್ಮ ಒಂದು ಆದೇಶ ಮೇಲ್ಮನವಿಯಲ್ಲಿ ಬಿದ್ದುಹೋದದ್ದು ಅಳತೆ ತಪ್ಪಾಗಿ ಅಲ್ಲ. ಅಳೆದ ಬಗೆ ನೋಟಿಸಿನಲ್ಲಿ ಇರಲಿಲ್ಲ, ಅಷ್ಟೆ. ಈಗ ನೋಟಿಸಿಗೆ ನಕ್ಷೆಯ ಪ್ರತಿ ಪಿನ್ ಮಾಡಿಯೇ ಕೊಡುತ್ತೇವೆ, ಉತ್ತರಕ್ಕೆ ಏಳು ದಿನ, ಆಮೇಲೆ ಕರೆದು ಕೇಳಿ ಕಾರಣ ಬರೆದು ಆದೇಶ. ಟ್ಯೂಷನ್ ಕೇಂದ್ರಗಳನ್ನು ವೃತ್ತದ ನಡುವೆ ಇಟ್ಟು ಶುರು ಮಾಡಬೇಡಿ. ಮಾನ್ಯತೆ ಪಡೆದ ಶಾಲೆ ಕಾಲೇಜು ಮೊದಲು, ಅಲ್ಲಿ ವಾದಕ್ಕೆ ಎಡೆ ಇಲ್ಲ.

100 ಮೀಟರ್ ಎಲ್ಲಿಗೆ ಮುಗಿಯುತ್ತದೆ ಎಂದು ತೋರಿಸಲು ರಸ್ತೆಯ ಮೇಲೆ ಬಳಿಯುವ ಹಳದಿ ಗೆರೆಯಲ್ಲಿ ದುಡ್ಡು ಸಾಕಷ್ಟು ಹಾಳಾಯಿತು. ಶಾಲೆ ಶುರುವಾಗುವ ಹೊತ್ತಿಗೆ ಇರಲಿ ಎಂದು ಮೇ ತಿಂಗಳಲ್ಲಿ ಸಾಮಾನ್ಯ ಎನಾಮೆಲ್ ಬಳಿಸಿದೆವು. ಮಳೆಗಾಲದ ಆಟಿ ತಿಂಗಳು ಮುಗಿಯುವಾಗ ಗೆರೆಯ ಗುರುತೂ ಇರಲಿಲ್ಲ. ಈಗ ನವೆಂಬರಿನಲ್ಲಿ, ರಸ್ತೆ ಪೂರ್ತಿ ಒಣಗಿದ ಮೇಲೆ, ತಂತಿ ಬ್ರಷ್ಷಿನಿಂದ ಪಾಚಿ ಉಜ್ಜಿ ತೆಗೆದು ರಸ್ತೆಗೆಂದೇ ಬರುವ ಬಣ್ಣ ಎರಡು ಕೋಟು. ವೃತ್ತ ಪೂರ್ತಿ ಬಳಿಯುವುದಲ್ಲ, ರಸ್ತೆ ದಾಟುವಲ್ಲಿ ಮಾತ್ರ. ಒಂದು ಶಾಲೆಗೆ ಮೂರೋ ನಾಲ್ಕೋ ಗೆರೆ, ಒಂದು ಗೇಣಿಗೆ ಸ್ವಲ್ಪ ಕಡಿಮೆ ಅಗಲ. ಒಂದು ಲೀಟರಿನಲ್ಲಿ ಮುಗಿಯುತ್ತದೆ. ಕೂಲಿ ಸೇರಿ ಶಾಲೆಗೆ ಸಾವಿರದಿಂದ ಸಾವಿರದ ಇನ್ನೂರು. ಕೆಂಪುಕಲ್ಲಿನ ಕಂಪೌಂಡಿನ ಮೇಲೆ ನೇರ ಬರೆಸಬೇಡಿ, ಕಲ್ಲು ಬಣ್ಣ ಕುಡಿಯುತ್ತದೆ. ಸಿಮೆಂಟು ಸಾರಿಸಿದ ಭಾಗ ನೋಡಿ ಬರೆಸಿ.

ವಯಸ್ಸಿನ ಮಿತಿ ತಿಳಿಸುವ ಅಂಗಡಿಯ ಫಲಕ 60ಕ್ಕೆ 30 ಸೆಂಟಿಮೀಟರ್, ಅದಕ್ಕಿಂತ ಚಿಕ್ಕದು ನಡೆಯುವುದಿಲ್ಲ. ಹಳೆಯ ಫಲಕಗಳಲ್ಲಿ 18 ಎಂದಿತ್ತು. ದುಡ್ಡು ಉಳಿಸಲು 21ರ ಸ್ಟಿಕ್ಕರ್ ಮಾಡಿಸಿ ಅಂಟಿಸಿದ್ದು ಬಿಸಿಲಿಗೆ ಸುರುಳಿಯಾಗಿ ಕೆಳಗಿನ 18 ಮತ್ತೆ ಕಾಣಿಸಿತು. ಕೊನೆಗೆ ತಗಡಿನ ಫಲಕವನ್ನೇ ಮಾಡಿಸಿದೆವು, ಒಂದಕ್ಕೆ 160 ರೂಪಾಯಿ ಹತ್ತಿರ. ಜೊತೆಗೆ ನಾವೇ ಹುಡುಕಿದ ಒಂದು ಉಪಾಯ ಚೆನ್ನಾಗಿ ನಡೆಯಿತು. ಹುಡುಗನ ಗುರುತಿನ ಚೀಟಿ ನೋಡಿ ವಯಸ್ಸು ಲೆಕ್ಕ ಹಾಕುವ ವ್ಯವಧಾನ ಸಂಜೆ ಆರು ಗಂಟೆಗೆ ಯಾವ ಅಂಗಡಿಯವನಿಗೂ ಇಲ್ಲ. ಹಾಗಾಗಿ ಅಂಗೈಯಗಲದ ಚೀಟಿ ಕೊಟ್ಟೆವು: ‘ಇಂಥ ವರ್ಷದ ನಂತರ ಹುಟ್ಟಿದವರಿಗೆ ಇಲ್ಲ’. ಹುಟ್ಟಿದ ವರ್ಷ ಒಂದೇ ನೋಡಿದರೆ ಮುಗಿಯಿತು. ಪ್ರತಿ ಜನವರಿಗೆ ಹೊಸ ಚೀಟಿ ಕೊಡಬೇಕು.

ಬಿಡಿ ಮಾರಾಟ ಹಿಡಿಯಲು ಕಾದು ನಿಲ್ಲಬೇಕಿಲ್ಲ. ಕಂಬಕ್ಕೆ ದಾರದಲ್ಲಿ ಕಟ್ಟಿದ ಲೈಟರ್, ಗಲ್ಲಾದ ಪಕ್ಕ ಬಾಯಿ ತೆರೆದ ಪ್ಯಾಕು, ನೆಲದಲ್ಲಿ ಹೊಸ ತುಂಡುಗಳು, ಈ ಮೂರು ಒಟ್ಟಿಗೆ ಕಂಡರೆ ಸಾಕು. ರಸೀದಿಯಲ್ಲಿ ಸೆಕ್ಷನ್ ಸರಿಯಾಗಿ ಬರೆಯಿರಿ: ವಯಸ್ಸಿನದ್ದು ಬೇರೆ, ದೂರದ್ದು ಬೇರೆ, ಎರಡೂ ಇದ್ದರೆ ಎರಡು ರಸೀದಿ. ಜಾಹೀರಾತಿನ ಸೆಕ್ಷನ್ 5 ಸ್ಥಳದಲ್ಲೇ ದಂಡ ಹಾಕಿ ಮುಗಿಸುವಂಥದ್ದಲ್ಲ. ಸರಕು ಎಲ್ಲಿ ಅಡಗಿಸುತ್ತಾರೆ, ಯಾವ ಅಂಗಡಿಯಿಂದ ಸುತ್ತು ಶುರು ಮಾಡಬೇಕು ಎಂಬೆರಡು ಸಂಗತಿ ಇಲ್ಲಿ ಬರೆಯುವುದಿಲ್ಲ, ಅಂಗಡಿಯವರೂ ಓದುತ್ತಾರೆ. ಇಲಾಖೆಯವರು ಎದುರಿಗೆ ಸಿಕ್ಕಾಗ ಕೇಳಲಿ, ಹೇಳುತ್ತೇನೆ.

ಬೀಡಿಯ ಮಾತು ಎಲ್ಲ ಸಭೆಯಲ್ಲೂ ಬರುತ್ತದೆ. ‘ನಮ್ಮ ಹೆಂಗಸರ ಅನ್ನಕ್ಕೆ ಕಲ್ಲು ಹಾಕ್ತೀರಾ’ ಎಂದು ಕೇಳುತ್ತಾರೆ. ಕಟ್ಟುವ ಕೆಲಸಕ್ಕೂ ಈ ಆದೇಶಕ್ಕೂ ಸಂಬಂಧ ಇಲ್ಲ, ಶಾಲೆಯ ಬಾಗಿಲಲ್ಲಿ ಮಾರುವುದಕ್ಕೆ ಮಾತ್ರ ಎಂದು ಬಾಯಲ್ಲಿ ಹೇಳಿದರೆ ಸಾಲದು, ಆದೇಶದಲ್ಲೇ ಒಂದು ಸಾಲು ಸೇರಿಸಿ. ಸೇರಿಸಿದ ಮೇಲೆ ವಿರೋಧ ಅರ್ಧ ಇಳಿಯಿತು.

ವೃತ್ತದ ಹೊರಗಿನ ಅಂಗಡಿಗಳಲ್ಲಿ ಇನ್ನೊಂದು ಪ್ರಯೋಗ ಮಾಡಿ ಸೋತೆವು. ತಂಬಾಕು ಮಾರುವವನಿಗೆ ಬೇರೆ ಪರವಾನಿಗೆ, ಅಲ್ಲಿ ಚಾಕಲೇಟು, ಚಿಪ್ಸ್, ಬಿಸ್ಕತ್ತು ಇರಬಾರದು ಎಂಬುದು ಕೇಂದ್ರ ಆರೋಗ್ಯ ಸಚಿವಾಲಯ 2017ರಲ್ಲಿ ರಾಜ್ಯಗಳಿಗೆ ಬರೆದ ಸಲಹೆ. ಆರು ಅಂಗಡಿ ಒಪ್ಪಿಸಿದೆವು, ಎರಡು ತಿಂಗಳಲ್ಲಿ ಐದು ಹಿಂದಕ್ಕೆ ಹೋದವು. ಗೂಡಂಗಡಿ ನಡೆಯುವುದೇ ಎಲ್ಲ ಸೇರಿದ್ದರಿಂದ. ಹಾಗೆಯೇ ವೃತ್ತದೊಳಗೆ ಸಿಗರೇಟು ಬಿಟ್ಟವರ ಚಹಾ ವ್ಯಾಪಾರವೂ ಮೊದಲು ಬೀಳುತ್ತದೆ, ಇದನ್ನು ಅವರಿಗೆ ಮುಚ್ಚಿಡಬೇಡಿ. ಚರುಮುರಿ, ಎಳನೀರು ಇಟ್ಟವರು ಬೇಗ ಚೇತರಿಸಿಕೊಂಡರು. ಬರಿಯ ನೀರಿನ ಬಾಟಲಿ ನಂಬಿದವರಿಗೆ ಕಷ್ಟವಾಯಿತು.

ವೇಪಿನದ್ದು, ಅಂದರೆ ಇ-ಸಿಗರೇಟಿನದ್ದು, ದಾರಿಯೇ ಬೇರೆ. 2019ರ ಇ-ಸಿಗರೇಟು ನಿಷೇಧ ಕಾಯ್ದೆಯಲ್ಲಿ ಮಾರಾಟ, ದಾಸ್ತಾನು ಪೂರ್ತಿ ನಿಷೇಧ, ಪರವಾನಿಗೆಯ ಪ್ರಶ್ನೆಯೇ ಏಳುವುದಿಲ್ಲ. ಮಾರಿದರೆ ಮೊದಲ ಸಲಕ್ಕೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ. ಗೂಡಂಗಡಿಯಲ್ಲಿ ಹುಡುಕಿ ದಿನ ಕಳೆಯಬೇಡಿ. ನಮಗೆ ಸಿಕ್ಕಿದ್ದು ಮೊಬೈಲ್ ಕವರು, ಚಾರ್ಜರ್ ಮಾರುವ ಕಡೆ. ಬಣ್ಣ ಗೀಚುವ ಪೆನ್ನಿನಂತೆ ಕಾಣುತ್ತದೆ, ಒಂದು ತುದಿಯಲ್ಲಿ ಬಾಯಿಗಿಡುವ ತೂತು, ಇನ್ನೊಂದರಲ್ಲಿ ಚಾರ್ಜಿಂಗ್ ಕಿಂಡಿ. ಕಂಡ ಕೂಡಲೇ ಕೈ ಹಾಕಬೇಡಿ, ಸಬ್ ಇನ್‌ಸ್ಪೆಕ್ಟರ್ ಬರಲಿ, ಜಪ್ತಿ ಅವರದ್ದು. ಜಪ್ತಿ ಮಾಡಿದ್ದನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಮೂಲೆಗೆ ಎಸೆದರೆ ಮಳೆಗಾಲದ ಥಂಡಿಗೆ ದ್ರವ ಸೋರಿ ಚೀಟಿಯ ಅಕ್ಷರ ಅಳಿಸಿಹೋಗುತ್ತದೆ, ಕೋರ್ಟಿನಲ್ಲಿ ಯಾವುದು ಯಾವ ಅಂಗಡಿಯದ್ದೆಂದು ಹೇಳಲಾಗುವುದಿಲ್ಲ. ಒಳಗೆ ಲಿಥಿಯಂ ಬ್ಯಾಟರಿ ಇದೆ, ಜಜ್ಜಿದರೆ ಬೆಂಕಿ. ತಗಡಿನ ಡಬ್ಬಕ್ಕೆ ಒಣ ಮರಳು ಹಾಕಿ ಒಂದೊಂದನ್ನೂ ಬೇರೆ ಲಕೋಟೆಯಲ್ಲಿ ಇಡಿ, ಚೀಟಿ ಪೆನ್ಸಿಲಿನಲ್ಲಿ ಬರೆಯಿರಿ.

ಉಳಿದ ಏಳೆಂಟು ಅಂಗಡಿಗಳು ರಸ್ತೆ ಅಂಚಿನವು, ಪರವಾನಿಗೆಯೇ ಇಲ್ಲದವು. ಸಾಲು ಹೊಡೆದು ಹಾಕಲು ಕಾಗದವೇ ಇಲ್ಲ, ಹೊಸದಾಗಿ ಕೊಟ್ಟರೆ ಅತಿಕ್ರಮಣವನ್ನೇ ಒಪ್ಪಿದಂತೆ. ಅವುಗಳನ್ನು ಬೀದಿ ವ್ಯಾಪಾರಿಗಳ ಗುರುತಿನ ಚೀಟಿಯ ಷರತ್ತಿನೊಳಗೆ ತರಲು ಪಟ್ಟಣ ಮಾರಾಟ ಸಮಿತಿಗೆ ಬರೆದಿದ್ದೇವೆ. ನಕ್ಷೆಯನ್ನಂತೂ ವರ್ಷಕ್ಕೊಮ್ಮೆ ತಿದ್ದಲೇಬೇಕು. ಶಾಲೆಯವರು ಹಿಂದಿನ ಜಾಗ ಕೊಂಡು ಹೊಸ ಕಂಪೌಂಡು ಎಬ್ಬಿಸಿದರೆ ವೃತ್ತವೂ ಅದರ ಜೊತೆ ಮುಂದೆ ಹೋಗುತ್ತದೆ. ನಮ್ಮಲ್ಲಿ ಈ ವರ್ಷ ಹಾಗೆ ಎರಡು ಕಡೆ ಆಗಿದೆ, ಮೂರು ಅಂಗಡಿ ಹೊಸದಾಗಿ ಅಳೆಯಬೇಕು.