ಟೈಲ್ಸ್ ಹಾಕುವ ಮೊದಲು ಎರಡು ದಿನ ನೀರು ನಿಲ್ಲಿಸಿ: ಹಳೆಯ ಮನೆಯ ಬಚ್ಚಲನ್ನು ನಾವೇ ಹೊಸದು ಮಾಡುವ ಬಗೆ

ಬಚ್ಚಲನ್ನು ಹೊಸದು ಮಾಡಿಸಿದ್ದೇವೆ, ಬಂದು ನೋಡಿ ಎಂದು ಯಾರಾದರೂ ಕರೆದರೆ ನಾನು ಮೊದಲು ಹೋಗಿ ನಿಲ್ಲುವುದು ಆ ಬಚ್ಚಲಿನ ಗೋಡೆಯ ಆಚೆ ಬದಿಯ ಕೋಣೆಯಲ್ಲಿ. ಒಳಗೆ ಟೈಲ್ಸ್ ಕನ್ನಡಿಯ ಹಾಗೆ ಹೊಳೆಯುತ್ತಿರುತ್ತವೆ. ಆಚೆ ಕೋಣೆಯಲ್ಲಿ ಮಾತ್ರ ನೆಲದಿಂದ ಒಂದಡಿ ಎತ್ತರದವರೆಗೆ ಬಣ್ಣ ಉಬ್ಬಿ, ಗೋಡೆ ಉಪ್ಪು ಬಿಟ್ಟು, ಬೆರಳು ತಾಗಿಸಿದರೆ ಗಿಲಾವು ಪುಡಿಪುಡಿಯಾಗಿ ಉದುರುತ್ತಿರುತ್ತದೆ. ಟೈಲ್ಸ್ ನೀರನ್ನು ತಡೆಯುತ್ತದೆ ಎಂಬ ನಂಬಿಕೆಯೇ ಇದಕ್ಕೆ ಮೂಲ. ಟೈಲ್ಸಿನ ಬಿಲ್ಲೆ ನೀರು ಬಿಡುವುದಿಲ್ಲವಾದರೂ ಬಿಲ್ಲೆಗಳ ನಡುವಿನ ಸಂದು ಬಿಡುತ್ತದೆ. ಅಲ್ಲಿಂದ ಇಳಿದ ನೀರಿಗೆ ಕೆಳಗೆ ತಡೆಯಿಲ್ಲದಿದ್ದರೆ ಅದು ತನ್ನ ದಾರಿಯನ್ನು ತಾನೇ ಹುಡುಕಿಕೊಳ್ಳುತ್ತದೆ.

ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮ ತಂದೆ 1974ರಲ್ಲಿ ಕಟ್ಟಿಸಿದ ಮನೆಯ ಎರಡು ಬಚ್ಚಲುಗಳನ್ನು ನಾನು ಮತ್ತು ನನ್ನ ತಮ್ಮ ಸೇರಿ ಹೊಸದು ಮಾಡಿದೆವು. ಕೆಳಗಿನದು ಹಂಡೆಯ ಒಲೆ, ಕಡಪ ಕಲ್ಲಿನ ನೆಲ ಇದ್ದ ಬಚ್ಚಲು. ಮೇಲಿನದು ಮಹಡಿ ಕಟ್ಟಿದಾಗ ಸೇರಿದ್ದು. ಈ ಲೇಖನ ಅಲ್ಲಿ ಕಲಿತದ್ದನ್ನೂ, ಬಂಧುಮಿತ್ರರ ಮನೆಗಳಲ್ಲಿ ಕೆಟ್ಟದ್ದನ್ನು ನೋಡಿ ತಿಳಿದದ್ದನ್ನೂ ಆಧರಿಸಿದೆ.

ಒಡೆಯುವ ಮೊದಲು

ಎರಡು ಬಚ್ಚಲುಗಳಿದ್ದರೆ ಎರಡನ್ನೂ ಒಟ್ಟಿಗೆ ಒಡೆಯಬೇಡಿ. ಹತ್ತು ದಿನದ ಕೆಲಸ ಎಂದು ಹೊರಟದ್ದು ಒಂದು ತಿಂಗಳಿಗೆ ನಿಲ್ಲುತ್ತದೆ, ಅಷ್ಟು ದಿನವೂ ಪಕ್ಕದ ಮನೆಯವರ ಸೌಜನ್ಯವನ್ನು ನಂಬಿಕೊಂಡಿರಲಾಗದು. ಸಾಧ್ಯವಾದರೆ ಸಂಕ್ರಾಂತಿ ಕಳೆದ ಮೇಲೆ ಆರಂಭಿಸಿ. ಮಳೆಗಾಲದಲ್ಲಿ ಹಳೆಯ ಗೋಡೆ ಒಣಗುವುದೇ ಇಲ್ಲ.

ಯಾವುದನ್ನು ನೀವೇ ಮಾಡುತ್ತೀರಿ, ಯಾವುದನ್ನು ಮಾಡುವುದಿಲ್ಲ ಎಂಬುದನ್ನು ಮೊದಲೇ ಗೆರೆ ಎಳೆದು ನಿರ್ಧರಿಸಿ. ಒಡೆಯುವುದು, ಸಾಗಿಸುವುದು, ವಾಟ (ನೀರು ಹರಿಯುವ ಇಳಿಜಾರು) ಕೊಡುವುದು, ನೀರುತಡೆ ಲೇಪನ, ನೆಲದ ಟೈಲ್ಸ್, ಕೊನೆಯ ಜೋಡಣೆ ಇವೆಲ್ಲ ತಾಳ್ಮೆಯಿರುವ ಇಬ್ಬರ ಕೈಯಲ್ಲಿ ಆಗುವ ಕೆಲಸಗಳು. ಕಕ್ಕಸಿನ ಪೈಪನ್ನು ಚರಂಡಿಯ ಚೇಂಬರಿಗೆ ಸೇರಿಸುವುದನ್ನು ಅನುಭವಿ ಪ್ಲಂಬರಿಗೆ ಬಿಡಿ. ಗೀಸರಿನ ವಿದ್ಯುತ್ತಿನ ಕೆಲಸವನ್ನಂತೂ ಪರವಾನಗಿ ಇರುವವರೇ ಮಾಡಬೇಕು, ಏಕೆಂದರೆ ಹಳೆಯ ಮನೆಗಳ ಬಚ್ಚಲಿಗೆ ಅರ್ಥಿಂಗ್ ತಂತಿಯೇ ಬಂದಿರುವುದಿಲ್ಲ. ಪ್ರತ್ಯೇಕ 4 ಚದರ ಮಿಲಿಮೀಟರ್ ತಂತಿ, 16 ಆಂಪಿಯರ್ ಸಾಕೆಟ್, ಬಚ್ಚಲಿನ ಹೊರಗೆ ಸ್ವಿಚ್ಚು, ಮೀಟರ್ ಬೋರ್ಡಿನಲ್ಲಿ ವಿದ್ಯುತ್ತು ಸೋರಿದರೆ ತಾನೇ ಕಡಿದುಬಿಡುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಈ ನಾಲ್ಕನ್ನೂ ಕೇಳಿ ಹಾಕಿಸಿಕೊಳ್ಳಿ.

ಒಡೆಯುವ ಕೆಲಸಕ್ಕೆ ಹೆಚ್ಚು ವಿವರಣೆ ಬೇಕಿಲ್ಲ. ಬಚ್ಚಲಿಗೆ ಬರುವ ನೀರು ಬಂದ್ ಮಾಡಿ, ವಿದ್ಯುತ್ತು ತೆಗೆದು, ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಕ್ಕೆ ಒಡೆಯುತ್ತಾ ಬನ್ನಿ. ಮರೆಯಬಾರದ ಸಂಗತಿಗಳು ಮೂರು. ನೀರು ಹೋಗುವ ಬಾಯಿಗಳಿಗೆ ಹಳೆಯ ಬಟ್ಟೆ ತುರುಕದೆ ಸುತ್ತಿಗೆ ಎತ್ತಬೇಡಿ. ಒಂದು ಹಿಡಿ ಗಾರೆ ಒಳಗೆ ಬಿದ್ದರೂ ಅದು ಪೈಪಿನೊಳಗೇ ಗಟ್ಟಿಯಾಗುತ್ತದೆ. ಹಳೆಯ ಮನೆಗಳ ಬಚ್ಚಲಿನ ಮೇಲೆ ಸಿಮೆಂಟ್ ಶೀಟ್ ಹೊದಿಸಿದ್ದರೆ ಅಥವಾ ಗಾಳಿ ಕೊಳವೆ ಸಿಮೆಂಟಿನದಾಗಿದ್ದರೆ ಅದರಲ್ಲಿ ಆಸ್ಬೆಸ್ಟಾಸ್ (ಉಸಿರಿಗೆ ಹಾನಿ ಮಾಡುವ ಖನಿಜದ ನಾರು) ಇರುವ ಸಂಭವವಿರುವುದರಿಂದ, ಅದನ್ನು ಕೊಯ್ಯುವುದು, ಕೊರೆಯುವುದು ಬೇಡ. ಇನ್ನು ನಾಲ್ಕೂವರೆ ಇಂಚಿನ ಗೋಡೆಯಲ್ಲಿ ಪೈಪಿಗಾಗಿ ಅಡ್ಡಡ್ಡ ಉದ್ದನೆಯ ಗಾಡಿ (ಪೈಪು ಕೂರಿಸುವ ಸೀಳು) ಕೊರೆದರೆ ಗೋಡೆಯೇ ದುರ್ಬಲವಾಗುತ್ತದೆ. ಪೈಪನ್ನು ಮೇಲಿನಿಂದ ನೇರವಾಗಿ ಕೆಳಗಿಳಿಸಿ.

ಹಳೆಯ ನೆಲವನ್ನು ಒಡೆಯದೆ ಅದರ ಮೇಲೆಯೇ ಹೊಸ ಟೈಲ್ಸ್ ಅಂಟಿಸಿಬಿಡಿ ಎಂಬ ಸಲಹೆ ಈ ಹಂತದಲ್ಲಿ ಖಂಡಿತ ಬರುತ್ತದೆ. ನಮ್ಮ ಬಂಧುಗಳೊಬ್ಬರು ಹಾಗೆ ಮಾಡಿದ ಮೇಲೆ ಬಚ್ಚಲಿನ ನೆಲ ಮಲಗುವ ಕೋಣೆಯ ನೆಲಕ್ಕಿಂತ ಅರ್ಧ ಇಂಚು ಎತ್ತರವಾಗಿ, ಸ್ನಾನ ಮಾಡಿದಾಗಲೆಲ್ಲ ಮಂಚದ ಕೆಳಗೆ ನೀರು ಹೋಗುತ್ತಿತ್ತು. ಬಚ್ಚಲಿನ ನೆಲ ಮುಗಿದಾಗ ಹೊರಗಿನ ನೆಲಕ್ಕಿಂತ ಅರ್ಧದಿಂದ ಮುಕ್ಕಾಲು ಇಂಚು ಕೆಳಗೇ ಇರಬೇಕು.

ಪೈಪುಗಳು

ಹಳೆಯ ಜಿಐ (ಸತುವು ಲೇಪಿಸಿದ ಕಬ್ಬಿಣದ) ಪೈಪನ್ನು ಉಳಿಸಿಕೊಳ್ಳುವ ಆಸೆ ಬಿಡಿ. ನಮ್ಮ ಮನೆಯಲ್ಲಿ ತೆಗೆದ ಮುಕ್ಕಾಲು ಇಂಚಿನ ಪೈಪಿನ ತುಂಡನ್ನು ಬೆಳಕಿಗೆ ಹಿಡಿದು ನೋಡಿದರೆ, ತುಕ್ಕು ಮತ್ತು ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿಕೊಂಡು, ನಡುವೆ ಒಂದು ಪೆನ್ಸಿಲ್ ತೂರುವಷ್ಟೇ ಕಂಡಿ ಉಳಿದಿತ್ತು. ಬಿಸಿನೀರಿಗೂ ತಣ್ಣೀರಿಗೂ ಬಿಸಿ ತಡೆಯುವ ಪ್ಲಾಸ್ಟಿಕ್ಕಾದ ಸಿಪಿವಿಸಿ ಪೈಪನ್ನೇ ಹಾಕಿ. ತಣ್ಣೀರಿಗೆ ಬೇರೆ ಜಾತಿಯ ಪೈಪು ಹಾಕಿ ಉಳಿಸುವ ಹಣ ಅತ್ಯಲ್ಪ, ಅದರಿಂದಾಗುವ ಗೊಂದಲ ಬಹಳ. ಪೈಪನ್ನು ನೇರವಾಗಿ ಕೊಯ್ದು, ಅಂಚಿನ ಸಿಬಿರು ತೆಗೆದು, ಸಿಪಿವಿಸಿಗೆಂದೇ ಇರುವ ಸಾಲ್ವೆಂಟ್ (ಪೈಪು ಜೋಡಿಸುವ ಅಂಟು) ಹಚ್ಚಿ, ಕಾಲು ಸುತ್ತು ತಿರುಗಿಸುತ್ತಾ ಒಳಗೆ ತಳ್ಳಿ ಅರ್ಧ ನಿಮಿಷ ಬಿಗಿಯಾಗಿ ಹಿಡಿಯಿರಿ. ಅಂಗಡಿಯವರು ಎಲ್ಲದಕ್ಕೂ ನಡೆಯುತ್ತದೆ ಎಂದು ಕೊಡುವ ಪಿವಿಸಿ ಸಾಲ್ವೆಂಟನ್ನು ಈ ಪೈಪುಗಳಿಗೆ ಹಚ್ಚಬೇಡಿ.

ವೆಸ್ಟರ್ನ್ ಕಮೋಡಿನ ಅಳತೆಯಲ್ಲಿ ತಪ್ಪುವವರು ಬಹಳ. ನೀರು ನೆಲದೊಳಗೆ ಇಳಿಯುವ ಎಸ್ ಟ್ರ್ಯಾಪ್ ಕಮೋಡಿಗೆ ಗೋಡೆಯಿಂದ ನೆಲದ ಪೈಪಿನ ನಡುಬಿಂದುವಿಗೆ 9 ಇಂಚೋ 12 ಇಂಚೋ ಎಂದು ಹೇಳುವಾಗ, ಆ ಗೋಡೆ ಎಂದರೆ ಟೈಲ್ಸ್ ಹಾಕಿ ಮುಗಿದ ಗೋಡೆ. ಬರಿ ಇಟ್ಟಿಗೆಯಿಂದ ಅಳೆದರೆ ಗಿಲಾವು, ಅಂಟು, ಟೈಲ್ಸ್ ಸೇರಿ ಒಂದು ಇಂಚಿಗೂ ಹೆಚ್ಚು ತಿಂದುಹಾಕುತ್ತವೆ, ಕಮೋಡು ಕೂರುವುದೇ ಇಲ್ಲ. ಆದ್ದರಿಂದ ಮೊದಲು ಕಮೋಡು ಕೊಂಡು ತಂದು ಮನೆಯಲ್ಲಿಟ್ಟುಕೊಂಡು ಆಮೇಲೆ ಪೈಪು ಕೂರಿಸಿ. ಗೋಡೆಯೊಳಗಿನ ಪೈಪುಗಳ ಬಾಯಿಗಳಿಗೆಲ್ಲ ಪ್ಲಗ್ಗು ಹಾಕಿ, ಕೈಪಂಪಿನಿಂದ ಒತ್ತಡ ಕೊಟ್ಟು ಒಂದು ರಾತ್ರಿ ಬಿಡಿ. ಬೆಳಿಗ್ಗೆ ಪಂಪಿನ ಒತ್ತಡಮಾಪಕದ ಮುಳ್ಳು ಇಳಿದಿರದಿದ್ದರೆ ಮಾತ್ರ ಗಾಡಿ ಮುಚ್ಚಿ. ಮುಚ್ಚುವ ಮೊದಲು ಅಳತೆಪಟ್ಟಿ ಹಿಡಿದು ಎಲ್ಲ ಗೋಡೆಗಳ ಫೋಟೊ ತೆಗೆದಿಡಿ. ಮುಂದೆ ಟವೆಲ್ ಸ್ಟ್ಯಾಂಡಿಗೆ ತೂತು ಕೊರೆಯುವಾಗ ಅದರ ಬೆಲೆ ತಿಳಿಯುತ್ತದೆ.

ವಾಟ, ಮೂಲೆ, ಲೇಪನ

ಕೆಲಸ ಕೆಡುವುದು ಇಲ್ಲಿಯೇ. ನಾಲ್ಕು ದಿನ ಬೇಕಾದ ಈ ಹಂತವನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸಿ, ಸಿಮೆಂಟಿಗೆ ಒಂದು ಪೊಟ್ಟಣ ವಾಟರ್‌ಪ್ರೂಫ್ ಪುಡಿ ಬೆರೆಸಿ ‘ಎಲ್ಲಾ ಆಯ್ತು ಸಾರ್’ ಎನ್ನುವುದು ಸಾಮಾನ್ಯ. ಆ ಪುಡಿ ಗಾರೆಗೆ ಒಂದಿಷ್ಟು ಸಹಾಯ ಮಾಡಬಹುದು, ಆದರೆ ಗಾರೆ ಬಿರುಕು ಬಿಟ್ಟಲ್ಲಿ ಅದು ಏನನ್ನೂ ತಡೆಯಲಾರದು.

ಮೊದಲು ನೆಲದ ವಾಟ. ಸ್ನಾನ ಮಾಡುವ ಜಾಗದಲ್ಲಿ ಅಡಿಗೆ ಕಾಲು ಇಂಚು ಇಳಿಜಾರು ಕೊಡಿ, ಉಳಿದೆಡೆ ಅದರ ಅರ್ಧ ಸಾಕು. ಐದು ಅಡಿಯ ಸ್ನಾನದ ಜಾಗವಾದರೆ ಆಚೆ ತುದಿ ನೆಲದ ನೀರು ಹೊರಹೋಗುವ ನಹಾನಿ ಟ್ರ್ಯಾಪಿಗಿಂತ ಒಂದೂಕಾಲು ಇಂಚು ಎತ್ತರವಿರಬೇಕು ಎಂದಾಯಿತು. ಇದನ್ನು ಕಣ್ಣಳತೆಯಲ್ಲಿ ಮಾಡಲು ಹೋಗಬೇಡಿ. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ನಾಲ್ಕು ಗೋಡೆಗಳಿಗೂ ಒಂದೇ ಮಟ್ಟದ ಗುರುತು ಹಾಕಿ, ಆ ಗುರುತಿನಿಂದ ಕೆಳಕ್ಕೆ ಅಳೆದು ಗಾರೆಯ ಗುಡ್ಡೆಗಳನ್ನಿಟ್ಟು, ಅವುಗಳ ನಡುವೆ ಮಟ್ಟಗೋಲು ಎಳೆಯಿರಿ. ಟೈಲ್ಸ್ ಹಾಕುವಾಗ ವಾಟ ಸರಿಮಾಡಿಕೊಳ್ಳೋಣ ಎನ್ನುವವರ ಮಾತು ಕೇಳಬೇಡಿ. ಲೇಪನಕ್ಕೇ ವಾಟವಿಲ್ಲದಿದ್ದರೆ ಟೈಲ್ಸಿನ ಕೆಳಗೆ ಇಳಿದ ನೀರು ಅಲ್ಲಿಯೇ ನಿಂತು ವಾಸನೆ ಹಿಡಿಯುತ್ತದೆ.

ಎರಡನೆಯದು ನಹಾನಿ ಟ್ರ್ಯಾಪಿನ ಕುತ್ತಿಗೆ. ನುಣುಪಾದ ಪಿವಿಸಿಗೂ ಸಿಮೆಂಟಿಗೂ ಹೊಂದಿಕೆಯಿಲ್ಲ. ಒಣಗಿದ ಮೇಲೆ ಎರಡರ ನಡುವೆ ಕೂದಲೆಳೆಯ ಸಂದು ಉಳಿದೇ ಉಳಿಯುತ್ತದೆ. ಆದ್ದರಿಂದ ಟ್ರ್ಯಾಪಿನ ಹೊರಮೈಯನ್ನು ಮರಳು ಕಾಗದದಿಂದ ಉಜ್ಜಿ, ಪಿವಿಸಿ ಸಾಲ್ವೆಂಟ್ ಬಳಿದು, ಅದು ಹಸಿಯಿರುವಾಗಲೇ ಒಣ ಮರಳನ್ನು ಉದುರಿಸಿ. ಒಣಗಿದಾಗ ಪೈಪಿನ ಮೈ ಸಕ್ಕರೆ ಮೆತ್ತಿದ ಹಾಗೆ ತರಿತರಿಯಾಗುತ್ತದೆ, ಗಾರೆ ಅದನ್ನು ಕಚ್ಚಿಕೊಳ್ಳುತ್ತದೆ. ಸುತ್ತಲೂ ಎರಡು ಇಂಚು ಬಿಡಿಸಿ, ಒಣಗಿದರೂ ಕುಗ್ಗದ ಗ್ರೌಟನ್ನು (ಸಂದು ತುಂಬುವ ಗಾರೆ) ತುಂಬಿ.

ಮೂರನೆಯದು ಗೋಡೆ ಮತ್ತು ನೆಲ ಕೂಡುವ ಮೂಲೆ. ಅಲ್ಲಿ ಲಂಬಕೋನ ಬಿಡದೆ ಗಾರೆಯನ್ನು ಬೆರಳಿನ ದಪ್ಪಕ್ಕೆ ದುಂಡಗೆ ತೀಡಿ. ಲಂಬಕೋನದಲ್ಲಿ ಲೇಪನ ತೆಳುವಾಗಿ ಮೊದಲು ಅಲ್ಲಿಯೇ ಸೀಳುತ್ತದೆ. ಹಳೆಯ ಗೋಡೆ ಮಣ್ಣಿನ ಗಾರೆಯದೋ ಸುಣ್ಣದ ಗಿಲಾವಿನದೋ ಆಗಿದ್ದರೆ ಸಡಿಲವಾದುದನ್ನೆಲ್ಲ ಇಟ್ಟಿಗೆಯವರೆಗೆ ಕೆರೆದು ಹೊಸ ಸಿಮೆಂಟ್ ಗಿಲಾವು ಹಾಕಿ, ಒಂದು ವಾರ ನೀರುಣಿಸಿದ ನಂತರವೇ ಲೇಪನದ ಡಬ್ಬಿ ತೆರೆಯಬೇಕು.

ಲೇಪನಕ್ಕೆ ನಾನು ಒಪ್ಪುವುದು ಪುಡಿ ಮತ್ತು ದ್ರವ ಎರಡು ಭಾಗಗಳಾಗಿ ಬರುವ, ಅಕ್ರಿಲಿಕ್ ಪಾಲಿಮರ್ ಸೇರಿದ ಸಿಮೆಂಟ್ ಲೇಪನವನ್ನು ಮಾತ್ರ. ಬಚ್ಚಲಿನ ಒಳಗೆ ಡಾಂಬರು ಬಳಿಯುವ ಹಳೆಯ ಪದ್ಧತಿ ಬೇಡ, ಅದರ ಮೇಲೆ ಟೈಲ್ಸಿನ ಅಂಟು ಹಿಡಿಯುವುದಿಲ್ಲ. ನೆಲವನ್ನು ನೀರು ಚಿಮುಕಿಸಿ ತೇವ ಮಾಡಿ, ಆದರೆ ನೀರು ನಿಂತಿರಬಾರದು. ಅರ್ಧ ಗಂಟೆಯೊಳಗೆ ಬಳಿದು ಮುಗಿಸುವಷ್ಟನ್ನು ಮಾತ್ರ ಕಲಸಿ. ಗಟ್ಟಿಯಾಗತೊಡಗಿದ ಮಿಶ್ರಣಕ್ಕೆ ನೀರು ಸೇರಿಸಿ ತೆಳು ಮಾಡುವುದು ಡಬ್ಬಿಯ ಹಣವನ್ನು ಚರಂಡಿಗೆ ಸುರಿದಂತೆ. ಮೊದಲು ಮೂಲೆಗಳಿಗೂ ಟ್ರ್ಯಾಪಿನ ಕುತ್ತಿಗೆಗೂ ಒಂದು ಕೈ ಬಳಿದು, ಹಸಿಯಿರುವಾಗಲೇ ನಾಲ್ಕಾರು ಇಂಚು ಅಗಲದ ಫೈಬರ್ ಜಾಲರಿಯನ್ನು ಸುಕ್ಕಿಲ್ಲದಂತೆ ಒತ್ತಿ. ಆಮೇಲೆ ಪೂರ್ತಿ ನೆಲಕ್ಕೆ ಮೊದಲ ಕೈ ಉದ್ದುದ್ದ, ಅದು ಒಣಗಿದ ಮೇಲೆ ಎರಡನೆಯ ಕೈ ಅಡ್ಡಡ್ಡ. ಗೋಡೆಯ ಮೇಲೆ ಒಂದಡಿ ಎತ್ತರಕ್ಕೆ, ಶವರಿನ ಜಾಗದಲ್ಲಿ ಆರಡಿಗೂ ಮೀರಿ ಹಚ್ಚಬೇಕು. ಬಹುತೇಕರು ಮರೆಯುವುದು ಬಾಗಿಲ ಹೊಸ್ತಿಲನ್ನು: ಲೇಪನ ಹೊಸ್ತಿಲಿನ ಕೆಳಗೂ ಹೋಗಿ, ಅದರ ಮೇಲೆ ಗ್ರಾನೈಟ್ ಪಟ್ಟಿ ಕೂರಬೇಕು.

ಮಹಡಿಯ ಬಚ್ಚಲಿನಲ್ಲಿ ತಗ್ಗಿಸಿದ ಸ್ಲ್ಯಾಬ್ (ಪೈಪುಗಳಿಗೆ ಜಾಗ ಬಿಡಲು ಪಕ್ಕದ ನೆಲಕ್ಕಿಂತ ಕೆಳಗಿಳಿಸಿದ ಕಾಂಕ್ರೀಟ್ ನೆಲ) ಇದ್ದರೆ ಈ ಇಡೀ ಕೆಲಸವನ್ನು ಎರಡು ಸಲ ಮಾಡಬೇಕಾಗುತ್ತದೆ: ಪೈಪು ಕೂರಿಸುವ ಮೊದಲು ಸ್ಲ್ಯಾಬಿನ ಮೈಗೆ ಒಮ್ಮೆ, ತಗ್ಗನ್ನು ತುಂಬಿ ವಾಟ ಕೊಟ್ಟ ಮೇಲೆ ಇನ್ನೊಮ್ಮೆ. ತಗ್ಗಿಗೆ ಒಡೆದ ಗಾರೆ, ಹಳೆಯ ಟೈಲ್ಸಿನ ಚೂರು ತುಂಬಿ ಸಾಗಣೆಯ ಖರ್ಚು ಉಳಿಸುವವರಿದ್ದಾರೆ. ಆ ಚೂರುಗಳು ಹೊಸ ಲೇಪನವನ್ನು ಒಳಗಿನಿಂದಲೇ ಚುಚ್ಚುತ್ತವೆ.

ನೀರು ನಿಲ್ಲಿಸುವ ಪರೀಕ್ಷೆ

ಲೇಪನ ಒಣಗಲು ಡಬ್ಬಿಯ ಮೇಲೆ ಬರೆದಷ್ಟು ದಿನ ಬಿಡಿ. ನಾನಂತೂ ಐದು ದಿನ ಬಿಡುತ್ತೇನೆ. ಬಳಿಕ ಟ್ರ್ಯಾಪಿನ ಬಾಯಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಬಟ್ಟೆಯಿಂದ ಬಿಗಿಯಾಗಿ ಮುಚ್ಚಿ, ಬಾಗಿಲಿಗೆ ಗಾರೆಯ ಸಣ್ಣ ಕಟ್ಟೆ ಕಟ್ಟಿ, ಅತಿ ಎತ್ತರದ ಮೂಲೆಯಲ್ಲೂ ಒಂದು ಇಂಚು ನೀರು ನಿಲ್ಲುವಂತೆ ತುಂಬಿ. ಗೋಡೆಯ ಮೇಲೆ ನೀರಿನ ಅಂಚಿಗೆ ಪೆನ್ಸಿಲಿನಿಂದ ಗೆರೆ ಎಳೆದು 48 ಗಂಟೆ ಬಾಗಿಲು ಹಾಕಿಬಿಡಿ. ಆವಿಯಾಗಿ ಎಷ್ಟು ಹೋಯಿತು ಎಂಬ ಅನುಮಾನ ಬೇಡವೆಂದರೆ ಪಕ್ಕದಲ್ಲೇ ಒಂದು ಬೇಸಿನ್ನಿನಲ್ಲಿ ನೀರಿಟ್ಟು ಅದಕ್ಕೂ ಗೆರೆ ಹಾಕಿ.

ನಮ್ಮ ಮೇಲಿನ ಬಚ್ಚಲಿನಲ್ಲಿ ಮೊದಲ ಬೆಳಿಗ್ಗೆ ನೋಡಿದಾಗ ಬೇಸಿನ್ನಿನ ನೀರು ಗೆರೆಯಲ್ಲೇ ಇತ್ತು, ಗೋಡೆಯ ಗೆರೆಯಿಂದ ಮಾತ್ರ ನೀರು ಎರಡು ಬೆರಳು ಕೆಳಗಿಳಿದಿತ್ತು. ಕೆಳಗೆ ಅಡುಗೆಮನೆಯ ಚಾವಣಿಯಲ್ಲಿ ಅಂಗೈಯಗಲ ತೇವ ಕಂಡಿತು. ನಮ್ಮ ತಾಯಿ ಅದನ್ನು ನೋಡಿ, ‘ಅಷ್ಟು ದುಡ್ಡು ಹಾಕಿ ಮಾಡಿದ್ದೂ ಹೀಗಾಯ್ತಲ್ಲೋ’ ಎಂದರು. ನೀರು ಖಾಲಿ ಮಾಡಿ ನೋಡಿದರೆ, ಟ್ರ್ಯಾಪಿನ ಹಿಂಬದಿಯಲ್ಲಿ, ಕೈ ಸರಿಯಾಗಿ ತಲುಪದ ಕಡೆ, ಜಾಲರಿ ಒಂದು ಇಂಚಿನಷ್ಟು ಎದ್ದು ನಿಂತಿತ್ತು. ಅಲ್ಲಿ ಕತ್ತರಿಸಿ, ಮತ್ತೆ ಬಳಿದು, ಐದು ದಿನ ಕಾದು ಮತ್ತೆ ನೀರು ತುಂಬಿದೆವು. ಎರಡನೆಯ ಸಲ ಗೆರೆ ಇಳಿಯಲಿಲ್ಲ. ಟೈಲ್ಸ್ ಹಾಕಿದ ಮೇಲೆ ತಿಳಿದಿದ್ದರೆ ಇಡೀ ನೆಲವನ್ನೇ ಕೀಳಬೇಕಿತ್ತು. ಮೇಸ್ತ್ರಿಯಿಂದ ಮಾಡಿಸುವವರೂ ಕೊನೆಯ ಕಂತಿನ ಹಣವನ್ನು ಈ ಪರೀಕ್ಷೆ ಮುಗಿಯುವವರೆಗೆ ಕೊಡಬಾರದು.

ಟೈಲ್ಸ್ ಮತ್ತು ಉಳಿದದ್ದು

ನೆಲಕ್ಕೆ ಮ್ಯಾಟ್ ಮೈಯ, ಒಂದಡಿ ಚೌಕದ ಬಿಲ್ಲೆಗಳನ್ನೇ ಆರಿಸಿ. ಎರಡು ಅಡಿಯ ದೊಡ್ಡ ಬಿಲ್ಲೆಗಳನ್ನು ವಾಟಕ್ಕೆ ಬಾಗಿಸಲಾಗದು, ಹೊಳೆಯುವ ಬಿಲ್ಲೆಗಳ ಮೇಲೆ ಸೋಪಿನ ನೀರು ಬಿದ್ದರೆ ವಯಸ್ಸಾದವರು ಜಾರುತ್ತಾರೆ. ವಿಟ್ರಿಫೈಡ್ ಬಿಲ್ಲೆ ನೀರು ಹೀರುವುದೇ ಅತ್ಯಲ್ಪವಾದ್ದರಿಂದ ಬರಿ ಸಿಮೆಂಟ್ ಹಾಲಿಗೆ ಅದು ಹಿಡಿಯುವುದಿಲ್ಲ. ಚೀಲದ ಮೇಲೆ ಐಎಸ್ 15477 (ಟೈಲ್ಸ್ ಅಂಟಿಗೆ ಇರುವ ಭಾರತೀಯ ಮಾನಕದ ಸಂಖ್ಯೆ) ಎಂದಿರುವ ಟೈಲ್ಸ್ ಅಂಟು ಬಳಸಿ. ಅಂಟನ್ನು ಹಲ್ಲಿನ ಕರಣೆಯಿಂದ ಇಡೀ ಮೈಗೆ ಎಳೆಯಬೇಕು. ಬಿಲ್ಲೆಯ ನಡುವೆ ಐದು ಗುಪ್ಪೆ ಇಟ್ಟು ಒತ್ತುವ ಪದ್ಧತಿಯಿಂದ ಕೆಳಗೆ ಟೊಳ್ಳು ಉಳಿದು ನೀರು ನಿಲ್ಲುತ್ತದೆ. ಮರುದಿನ ನಾಣ್ಯದಿಂದ ತಟ್ಟಿ ನೋಡಿ, ಟೊಳ್ಳು ಸದ್ದು ಬಂದದ್ದನ್ನು ತೆಗೆದು ಮತ್ತೆ ಕೂರಿಸಿ. ಸಂದುಗಳಿಗೆ ಬಿಳಿ ಸಿಮೆಂಟ್ ತುಂಬುವ ಅಗ್ಗದ ದಾರಿ ಆರು ತಿಂಗಳಲ್ಲಿ ಕಪ್ಪಾಗುತ್ತದೆ. ನೆಲಕ್ಕಾದರೂ ಎಪಾಕ್ಸಿ ಗ್ರೌಟ್ ಹಾಕಿ, ಆಸಿಡ್ ಹಾಕಿ ತೊಳೆಯುವ ಅಭ್ಯಾಸವನ್ನೂ ಬಿಡಿ.

ಬಾಗಿಲಿಗೆ ಮರದ ಚೌಕಟ್ಟು ಬೇಡ, ಗ್ರಾನೈಟ್ ಚೌಕಟ್ಟು ಇರಲಿ. ಬಾಗಿಲು ಹೊರಕ್ಕೆ ತೆರೆಯಲಿ, ಒಳಗೆ ಯಾರಾದರೂ ಬಿದ್ದರೆ ತೆರೆಯಲು ಸಾಧ್ಯವಾಗುವುದು ಆಗ ಮಾತ್ರ. ಶವರ್ ಕೊಳ್ಳುವಾಗ ನಿಮ್ಮ ಟ್ಯಾಂಕಿನ ಎತ್ತರ ನೆನಪಿರಲಿ. ಟ್ಯಾಂಕಿನ ನೀರು ಶವರಿಗಿಂತ ಹತ್ತು ಅಡಿ ಮೇಲಿದ್ದರೂ ಸಿಗುವ ಒತ್ತಡ ಸುಮಾರು 0.3 ಬಾರ್ ಮಾತ್ರ. ಅಂಗಡಿಯಲ್ಲಿ ಪಂಪಿನ ಬಲದಿಂದ ಮಳೆಯ ಹಾಗೆ ಸುರಿಯುವ ತಟ್ಟೆಯಗಲದ ಶವರು ನಿಮ್ಮ ಮನೆಯಲ್ಲಿ ತೊಟ್ಟಿಕ್ಕುತ್ತದೆ. ಸಣ್ಣ ಶವರೇ ಲೇಸು. ನಲ್ಲಿ, ಕನ್ನಡಿ, ಕಮೋಡುಗಳನ್ನು ಕೂರಿಸುವುದು ಅರ್ಧ ದಿನದ ಕೆಲಸ.

ಕಮೋಡಿನ ಬುಡಕ್ಕೂ ಮೂಲೆಗಳಿಗೂ ಸಿಲಿಕೋನ್ ಹಚ್ಚಿದ ಮೇಲೆ ಒಂದು ದಿನ ನೀರು ಸೋಕಿಸಬೇಡಿ. ಉಳಿದ ಏಳೆಂಟು ಬಿಲ್ಲೆಗಳನ್ನು ಬ್ಯಾಚ್ ನಂಬರ್ ಇರುವ ಡಬ್ಬದ ಸಮೇತ ಅಟ್ಟದ ಮೇಲಿಡಿ. ಮುಂದೆ ಒಂದು ಬಿಲ್ಲೆ ಒಡೆದರೆ ಅದೇ ಹೆಸರಿನ ಟೈಲ್ಸ್ ಅಂಗಡಿಯಲ್ಲಿ ಸಿಕ್ಕರೂ ಅದೇ ಛಾಯೆ ಸಿಗುವ ಭರವಸೆಯಿಲ್ಲ.