ಕೌಜುಗವನ್ನು ಮತ್ತೆ ಹೊಲಕ್ಕೆ ಕರೆತರುವುದು ಹೇಗೆ?

ಇಂಗ್ಲೆಂಡಿನ ಗೋಧಿ ಹೊಲಗಳಲ್ಲಿ ಗ್ರೇ ಪಾರ್ಟ್ರಿಜ್ ಎಂಬ ಹಕ್ಕಿ ಒಂದು ಕಾಲಕ್ಕೆ ಎಲ್ಲೆಲ್ಲೂ ಕಾಣುತ್ತಿತ್ತು. ನಮ್ಮ ಕೌಜುಗದ ಹಾಗೆ ಇದೂ ನೆಲದಲ್ಲೇ ಓಡಾಡಿ, ನೆಲದಲ್ಲೇ ಮೊಟ್ಟೆ ಇಡುತ್ತದೆ. 1960ರ ದಶಕದ ಕೊನೆಯಿಂದ ಈಚೆಗೆ ಬ್ರಿಟನ್ನಿನಲ್ಲಿ ಇದರ ಸಂಖ್ಯೆ ಹತ್ತರಲ್ಲಿ ಒಂಬತ್ತು ಪಾಲು ಕುಸಿದಿದೆ. ಮರಿ ಸಾಕಿ ಬಿಟ್ಟರೆ ಆಯ್ತಲ್ವಾ ಎಂದು ಅನಿಸಬಹುದು. ಆದರೆ ಸುಮ್ನೆ ತಂದು ಬಿಟ್ಟ ಹಕ್ಕಿಗಳಲ್ಲಿ ಹೆಚ್ಚಿನವು ಕೆಲವೇ ವಾರಗಳಲ್ಲಿ ನರಿಯ ಪಾಲಾಗುತ್ತವೆ. ಹಾಗಾಗಿ ಕೆಲಸ ಶುರುವಾಗಬೇಕಾದ್ದು ಹೊಲದಿಂದ.

ಮೊದಲು ಹೊಲ

ಮರಿಗಳು ಮೊದಲ ಎರಡು ವಾರ ಬದುಕುವುದೇ ಹುಳುಗಳಿಂದ. ಕಳೆನಾಶಕ ಬಿದ್ದರೆ ಕಳೆ ಸಾಯುತ್ತದೆ, ಕಳೆಯ ಮೇಲಿದ್ದ ಹುಳುವೂ ಹೋಗುತ್ತದೆ, ಮರಿ ಹಸಿವಿನಿಂದ ಸಾಯುತ್ತದೆ. ಸಸೆಕ್ಸ್‌ನ ಹೊಲಗಳಲ್ಲಿ ವರ್ಷಗಟ್ಟಲೆ ಲೆಕ್ಕ ಹಾಕಿ ಇದನ್ನು ತೋರಿಸಿಕೊಟ್ಟವರು ವಿಜ್ಞಾನಿ ಡಿಕ್ ಪಾಟ್ಸ್. ಆದ್ದರಿಂದ ಹೊಲದ ಅಂಚಿನಲ್ಲಿ ಸುಮಾರು 6 ಮೀಟರ್ ಅಗಲ ಔಷಧಿ ಹೊಡೆಯದೆ ಬಿಡಿ. ದೊಡ್ಡ ಹೊಲವಾದರೆ ನಡುವೆ ಮಣ್ಣಿನ ದಿಂಡು ಏರಿಸಿ, ಗೊಂಚಲು ಗೊಂಚಲಾಗಿ ಬೆಳೆಯುವ ಹುಲ್ಲು ಬಿತ್ತಿ. ಗೂಡಿಗೆ ಮರೆ ಸಿಗುತ್ತದೆ, ಜೀರುಂಡೆಗಳೂ ಸೇರುತ್ತವೆ. ಚಳಿಗಾಲಕ್ಕೆ ಗೋಧಿ ತುಂಬಿದ ಡಬ್ಬಿಗಳನ್ನು ಬೇಲಿ ಬದಿ ಇಡಿ.

ಕಾವಿಗೆ ಕೂತ ಹೆಣ್ಣು ಸುಲಭವಾಗಿ ಸಿಕ್ಕಿಬೀಳುತ್ತದೆ. ಗೂಡಿನ ಕಾಲದಲ್ಲಿ ನರಿ, ಕಾಗೆಗಳನ್ನು ಕಾನೂನಿನ ಮಿತಿಯೊಳಗೆ ಹತೋಟಿಯಲ್ಲಿಡಬೇಕು.

ಮರಿ ಸಾಕುವುದು

ಮೊಟ್ಟೆಯನ್ನು ಸಾಕಣೆ ಕೇಂದ್ರದಿಂದ ತರುತ್ತಾರೆ, ಕಾಡು ಗೂಡಿನಿಂದಲ್ಲ. (ಇದನ್ನು ಓದಿ ನಮ್ಮ ಊರಿನ ಕೌಜುಗದ ಮೊಟ್ಟೆಗೆ ಕೈ ಹಾಕಬೇಡಿ. 1972ರ ವನ್ಯಜೀವಿ ಕಾಯ್ದೆ ಅದಕ್ಕೆ ರಕ್ಷಣೆ ಕೊಟ್ಟಿದೆ.) ಮರಿ ಹೊರಬರಲು 23ರಿಂದ 25 ದಿನ ಬೇಕು. ಇನ್‌ಕ್ಯುಬೇಟರ್‌ನಲ್ಲಿ ಮರಿ ಮಾಡಿಸಿದರೆ, ಹೊರಬಂದ ಮರಿಗಳಿಗೆ ಮೊದಲ ವಾರ ಬಲ್ಬಿನಿಂದ ಸುಮಾರು 35 ಡಿಗ್ರಿ ಬಿಸಿ ಕೊಟ್ಟು, ಆಮೇಲೆ ನಿಧಾನಕ್ಕೆ ಇಳಿಸಬೇಕು. ನನ್ನ ಮಟ್ಟಿಗೆ ಪುಟ್ಟ ಬ್ಯಾಂಟಮ್ ಕೋಳಿಯ ಕೆಳಗೆ ಬೆಳೆಸುವುದೇ ಮೇಲು. ಅಪಾಯ ಬಂದಾಗ ಅವಿತುಕೊಳ್ಳುವುದನ್ನು ಕಲಿಸಲು ಬಲ್ಬಿಗೆ ಆಗುವುದಿಲ್ಲ. ಆದರೆ ಕೋಳಿಯಿಂದ ಉಸಿರುನಾಳದ ಹುಳು ಅಂಟಬಹುದು. ಕೋಳಿಗೆ ಮೊದಲೇ ಜಂತುಮದ್ದು ಹಾಕಿಸಿ, ಗೂಡನ್ನು ಆಗಾಗ ಹೊಸ ನೆಲಕ್ಕೆ ಸರಿಸಿ.

ಬಿಡುವುದು

ಆ ಹೊಲದಲ್ಲಿ ಕಾಡು ಜೋಡಿ ಇನ್ನೂ ಉಳಿದಿದ್ದರೆ ಅದೃಷ್ಟ. ಬೇಸಿಗೆಯ ಕೊನೆಗೆ, ಮರಿ ಕಳೆದುಕೊಂಡ ಜೋಡಿಯನ್ನು ಹುಡುಕಿ, ಅದು ಓಡಾಡುವ ಜಾಗದಲ್ಲೇ ಸಾಕಿದ ಮರಿಗಳ ಪುಟ್ಟ ಗೂಡು ಇಡಿ. ಮರಿಗಳ ಕೂಗಿಗೆ ಜೋಡಿ ಹತ್ತಿರ ಬರುತ್ತದೆ. ಆಗ ಬಾಗಿಲು ತೆಗೆಯಿರಿ. ಎಷ್ಟೋ ಸಲ ಅವು ಮರಿಗಳನ್ನು ತಮ್ಮವೇ ಎನ್ನುವಂತೆ ಕರೆದುಕೊಂಡು ಹೋಗುತ್ತವೆ. ಎಲ್ಲಿ ಮೇಯಬೇಕು, ಗಿಡುಗ ಬಂದರೆ ಏನು ಮಾಡಬೇಕು, ಎಲ್ಲವನ್ನೂ ಕಲಿಸುತ್ತವೆ. ಕಾಡು ಹಕ್ಕಿ ಒಂದೂ ಇಲ್ಲದ ಕಡೆ, ಕುಟುಂಬದಂತೆ ಒಟ್ಟಿಗೆ ಬೆಳೆದ ಗುಂಪನ್ನು ಶರತ್ಕಾಲದಲ್ಲಿ ಬಿಡಬೇಕಾಗುತ್ತದೆ. ಎಲ್ಲವನ್ನೂ ಒಮ್ಮೆಗೇ ಬಿಡಬೇಡಿ. ಗೂಡಿನಲ್ಲಿ ಉಳಿದವು ಕೂಗಿ ಕರೆಯುತ್ತವೆ, ಹೊರಗೆ ಹೋದವು ದೂರ ಚದುರುವುದಿಲ್ಲ.

ಎಣಿಕೆ

ಮಾರ್ಚ್‌ನಲ್ಲಿ ಜೋಡಿಗಳನ್ನು, ಕಟಾವಾದ ಮೇಲೆ ಕೂಳೆ ಹೊಲದಲ್ಲಿ ಮರಿಗಳನ್ನು ಎಣಿಸಿ. ಶರತ್ಕಾಲದಲ್ಲಿ 100 ಹೆಕ್ಟೇರಿಗೆ 20 ಹಕ್ಕಿಗಿಂತ ಕಡಿಮೆ ಇದ್ದರೆ ಬೇಟೆ ಬೇಡ ಎನ್ನುವುದು ಅಲ್ಲಿನ ತಜ್ಞರ ಸಲಹೆ. ಮರಿಗಳ ಲೆಕ್ಕ ಕಡಿಮೆ ಬಂದರೆ ಇನ್ನಷ್ಟು ಹಕ್ಕಿ ತರುವ ಮೊದಲು ಹೊಲದ ಅಂಚಿನಲ್ಲಿ ಹುಳು ಎಷ್ಟಿದೆ ಎಂದು ನೋಡಿ.