ಧೂಮಕೇತುವಿನ ದೂಳಿನಲ್ಲಿ ಏನಿದೆ? ಇನ್‌ಫ್ರಾರೆಡ್‌ನಲ್ಲಿ ಪತ್ತೆ ಮಾಡುವುದು ಹೀಗೆ

ಧೂಮಕೇತು ಸೂರ್ಯನ ಹತ್ತಿರ ಬಂದಾಗ ಅದರ ಹಿಮ ಆವಿಯಾಗುತ್ತದೆ. ಜೊತೆಗೆ ದೂಳೂ ಹೊರಗೆ ಚಿಮ್ಮುತ್ತದೆ. ಬಿಸಿಲಿಗೆ ಕಾದ ಆ ಕಣಗಳು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಸೂಸುತ್ತವೆ. ಯಾವ ತರಂಗಾಂತರದಲ್ಲಿ ಎಷ್ಟು ಬೆಳಕು ಬರುತ್ತಿದೆ ಎಂದು ಅಳೆದರೆ ದೂಳು ಯಾವ ಖನಿಜದ್ದು ಎಂಬ ಸುಳಿವು ಸಿಗುತ್ತದೆ.

ಮೊದಲ ಕೆಲಸ, ಸರಿಯಾದ ತರಂಗಾಂತರ ಆರಿಸುವುದು. ನೆಲದಿಂದ ನೋಡುವವರಿಗೆ 8ರಿಂದ 13 ಮೈಕ್ರಾನ್ ಅನುಕೂಲ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಅಲ್ಲಿ ನಮ್ಮ ವಾತಾವರಣ ಹೆಚ್ಚು ಅಡ್ಡ ಬರುವುದಿಲ್ಲ, 9.6ರ ಹತ್ತಿರ ಓಜೋನ್ ಕಾಟ ಬಿಟ್ಟರೆ. ನೀರಾವಿ ಕಡಿಮೆ ಇರುವ ಎತ್ತರದ ಜಾಗ ಬೇಕು. ಹವಾಯಿಯ ಮೌನಾ ಕಿಯಾ ಶಿಖರ ಸುಮಾರು 4,200 ಮೀಟರ್ ಎತ್ತರದಲ್ಲಿದೆ. ಬಾಹ್ಯಾಕಾಶದಲ್ಲಿರುವ ಜೇಮ್ಸ್ ವೆಬ್ ದೂರದರ್ಶಕಕ್ಕೆ ಈ ತಾಪತ್ರಯವಿಲ್ಲ. ಅದರ ಮಿರಿ ಉಪಕರಣ 5ರಿಂದ 28 ಮೈಕ್ರಾನ್‌ವರೆಗೂ ನೋಡುತ್ತದೆ.

ಈ ತರಂಗಾಂತರಗಳಲ್ಲಿ ಆಕಾಶವೂ ಹೊಳೆಯುತ್ತದೆ, ದೂರದರ್ಶಕವೂ ಹೊಳೆಯುತ್ತದೆ. ಹಾಗಾಗಿ ಧೂಮಕೇತುವನ್ನೂ ಪಕ್ಕದ ಖಾಲಿ ಆಕಾಶವನ್ನೂ ಬೇಗ ಬೇಗ ಒಂದಾದ ಮೇಲೊಂದು ನೋಡಿ, ಒಂದರಿಂದ ಇನ್ನೊಂದನ್ನು ಕಳೆಯಬೇಕು. ಪಕ್ಕದ ಜಾಗಕ್ಕೆ ಧೂಮಕೇತುವಿನ ದೂಳು ಹರಡಿರಬಾರದು. ಚೆನ್ನಾಗಿ ಗೊತ್ತಿರುವ ನಕ್ಷತ್ರವೊಂದನ್ನೂ ಅದೇ ರಾತ್ರಿ, ಆಕಾಶದಲ್ಲಿ ಹೆಚ್ಚುಕಮ್ಮಿ ಧೂಮಕೇತುವಿನಷ್ಟೇ ಎತ್ತರದಲ್ಲಿರುವಾಗ ಅಳೆದಿಟ್ಟುಕೊಳ್ಳಿ. ವಾತಾವರಣ ನುಂಗಿದ ಬೆಳಕಿನ ಲೆಕ್ಕ ಸಿಗುವುದು ಅದರಿಂದಲೇ.

ಈಗ ರೋಹಿತ, ಅಂದರೆ ಯಾವ ತರಂಗಾಂತರದಲ್ಲಿ ಎಷ್ಟು ಬೆಳಕು ಎಂಬ ನಕ್ಷೆ, ಕೈಯಲ್ಲಿದೆ. ಕಾದ ದೂಳಿನ ನುಣುಪಾದ ಹಿನ್ನೆಲೆ ರೇಖೆಯನ್ನು ಗುರುತಿಸಿ, ರೋಹಿತವನ್ನು ಅದರಿಂದ ಭಾಗಿಸಿ. ಆ ರೇಖೆ ತಾಪಮಾನವನ್ನೂ ಹೇಳುತ್ತದೆ. ಸೂರ್ಯನಿಂದ ಭೂಮಿಯಷ್ಟು ದೂರದಲ್ಲಿ, ಬಿದ್ದ ಬೆಳಕನ್ನೆಲ್ಲ ಹೀರುವ ಕಪ್ಪು ಕಾಯವೊಂದು ಸುಮಾರು 278 ಕೆಲ್ವಿನ್‌ಗೆ (5 ಡಿಗ್ರಿ ಸೆಲ್ಸಿಯಸ್) ಕಾಯುತ್ತದೆ. ದೂಳು ಅದಕ್ಕಿಂತ ಜಾಸ್ತಿ ಬಿಸಿ ಇದ್ದರೆ ಕಣಗಳು ತುಂಬಾ ಸಣ್ಣವು ಎಂದರ್ಥ. ತಮ್ಮ ಗಾತ್ರಕ್ಕಿಂತ ಉದ್ದದ ತರಂಗಗಳಲ್ಲಿ ಶಾಖ ಬಿಡುವುದು ಅವಕ್ಕೆ ಕಷ್ಟ.

ಮುಂದಿನ ಹಂತವೇ ಇಡೀ ಕೆಲಸದ ಜೀವಾಳ. 10 ಮೈಕ್ರಾನ್ ಸುತ್ತ ಅಗಲವಾದ ಉಬ್ಬು ಕಂಡರೆ ಅದು ಸಿಲಿಕೇಟ್, ಅಂದರೆ ಕಲ್ಲಿನ ಪುಡಿ. ಹರಳಾಗದ ಸಿಲಿಕೇಟ್‌ನ ಉಬ್ಬು ಬೋಳಾಗಿರುತ್ತದೆ. ಅದರ ಮೇಲೆ 11.2ರಲ್ಲಿ ಚೂಪಾದ ತುದಿ ಎದ್ದಿದ್ದರೆ ಅಲ್ಲಿ ಹರಳಿನ ಆಲಿವಿನ್ ಎಂಬ ಸಿಲಿಕೇಟ್ ಖನಿಜ ಇದೆ. 1996ರಲ್ಲಿ ಯುರೋಪಿನ ಇನ್‌ಫ್ರಾರೆಡ್ ದೂರದರ್ಶಕ ಉಪಗ್ರಹ ಐಎಸ್ಒ ಹೇಲ್-ಬಾಪ್ ಧೂಮಕೇತುವಿನಲ್ಲಿ ಇದನ್ನು ಸ್ಪಷ್ಟವಾಗಿ ಕಂಡಿತು. ಇಂಥ ಹರಳು ಮೂಡಲು ಸಾವಿರ ಕೆಲ್ವಿನ್ ಆಸುಪಾಸಿನ ಬಿಸಿ ಬೇಕು. ಧೂಮಕೇತು ಹುಟ್ಟಿದ್ದು ಕೊರೆಯುವ ಚಳಿಯಲ್ಲಿ ಅಲ್ವಾ? ಹಾಗಾದರೆ ಸೂರ್ಯನ ಬಳಿ ಬೆಂದ ದೂಳು ಸೌರಮಂಡಲದ ಅಂಚಿನವರೆಗೂ ಸಾಗಿರಬೇಕು. ಸ್ಟಾರ್‌ಡಸ್ಟ್ ನೌಕೆ 2006ರಲ್ಲಿ ವೈಲ್ಡ್ 2 ಧೂಮಕೇತುವಿನಿಂದ ತಂದ ಕಣಗಳಲ್ಲೂ ಹೆಚ್ಚಿನ ಬಿಸಿಯಲ್ಲಿ ಹುಟ್ಟಿದ ಖನಿಜಗಳು ಸಿಕ್ಕವು.

ಕೊನೆಗೆ ಆಲಿವಿನ್, ಪೈರಾಕ್ಸೀನ್ (ಇನ್ನೊಂದು ಸಿಲಿಕೇಟ್ ಖನಿಜ), ಇಂಗಾಲಗಳನ್ನು ಬೇರೆ ಬೇರೆ ಪ್ರಮಾಣ ಮತ್ತು ಗಾತ್ರಗಳಲ್ಲಿ ಬೆರೆಸಿದ ಮಾದರಿ ರೋಹಿತಗಳನ್ನು ಕಂಪ್ಯೂಟರ್‌ನಲ್ಲಿ ಮಾಡಿ, ಅಳತೆಗೆ ಹೊಂದಿಸಿ. ಇಲ್ಲಿ ಅವಸರ ಬೇಡ. ಇಂಗಾಲಕ್ಕೆ ಇಲ್ಲಿ ತನ್ನದೇ ಆದ ಉಬ್ಬಿಲ್ಲ, ಹಿನ್ನೆಲೆ ರೇಖೆಯಲ್ಲೇ ಅಡಗಿರುತ್ತದೆ. ಕಣ ದೊಡ್ಡದಾದರೆ ಸಿಲಿಕೇಟ್ ಇದ್ದರೂ ಉಬ್ಬು ಚಪ್ಪಟೆಯಾಗುತ್ತದೆ. ಸಾಧ್ಯವಾದರೆ 19, 23.5 ಮತ್ತು 33.5 ಮೈಕ್ರಾನ್ ಹತ್ತಿರದ ಆಲಿವಿನ್ ತುದಿಗಳನ್ನೂ ನೋಡಿ. 11.2 ಒಂದನ್ನೇ ನಂಬಿ ಹರಳಿನ ಪ್ರಮಾಣ ಹೇಳಬೇಡಿ.